ಮಲ್ಲಿಗೆ ಚಪ್ಪರದ ಎಡಗಡೆಯ ಹಗ್ಗ

ದುಜಾ ಹೂ ಕಟ್ಟಲು ಕೂತರೆ ಸ್ಫಾಕ್ಸ್ ಪಟ್ಟಣದ ಜೇನುನೊಣಗಳೆಲ್ಲ ಸಾಲುಗಟ್ಟಿ ಬಂದು, ಅಂಗಡಿಯ ಹೊಸ್ತಿಲಲ್ಲಿ ಚಪ್ಪಲಿ ಕಳಚಿಟ್ಟು, ಸಲಾಂ ಹೇಳಿ ಒಳಗೆ ಬರುತ್ತಿದ್ದವು. ಒಂದು ಸಲ ಅವಳು ಕಟ್ಟಿದ ಗುಲಾಬಿ ದಂಡೆಯ ಪರಿಮಳ ಸಮುದ್ರ ದಾಟಿ ಸಿಸಿಲಿಗೆ ಹೋಗಿ, ಅಲ್ಲಿ ಮುನಿಸಿಕೊಂಡಿದ್ದ ಗಂಡಹೆಂಡಿರನ್ನು ಒಂದು ಮಾಡಿ, ಬೆಳಗಾಗುವುದರೊಳಗೆ ವಾಪಸ್ ಬಂದಿತ್ತು. ನಂಬದವರು ಆ ಗಂಡನನ್ನೇ ಹೋಗಿ ಕೇಳಬಹುದು. ಹೆಸರು ಮಾತ್ರ ದುಜಾಗೆ ಈಗ ನೆನಪಿಲ್ಲ.

ಅಂಥ ದುಜಾ ಈಗ ಮದುವೆಮನೆಯ ಅಂಗಳದ ನಟ್ಟನಡುವೆ, ಕುಸಿದು ಬಿದ್ದ ತನ್ನದೇ ಚಪ್ಪರದ ಪಕ್ಕದಲ್ಲಿ, ಮೊಳದುದ್ದದ ಹಗ್ಗವನ್ನು ಹಾವು ಹಿಡಿದಂತೆ ಎತ್ತಿ ಹಿಡಿದು ನಿಂತಿದ್ದಳು.

"ಇಗೋ, ಎಲ್ಲರೂ ಕಣ್ಣು ಬಿಟ್ಟು ನೋಡಿ! ತಾನಾಗಿ ಹರಿದ ಹಗ್ಗದ ತುದಿ ಮುದಿ ಕತ್ತೆಯ ಬಾಲದ ಥರ ಕೆದರಿಕೊಂಡಿರುತ್ತೆ. ಇದು ಹೇಗಿದೆ? ಈಗಷ್ಟೇ ಕ್ಷೌರ ಮಾಡಿಸ್ಕೊಂಡ ಮದುಮಗನ ಗಲ್ಲದ ಥರ ಇದೆ. ಯಾರೋ ಕತ್ತರಿಸಿದ್ದಾರೆ!"

ಸೂರ್ಯ ಮುಳುಗಿ ನಮಾಜಿನ ಕೂಗು ನಿಂತ ಹೊತ್ತಿಗೆ, ಸಿಂಗರಿಸಿದ ಹೆಣ್ಣನ್ನು ಎಲ್ಲರಿಗೂ ತೋರಿಸುವ ಜಲ್ವಾ ಶಾಸ್ತ್ರದಲ್ಲಿ, ಚಿನ್ನ ಹೇರಿಕೊಂಡು ದಿಂಬುಗಳ ಮೇಲಿಂದ ಆಗಷ್ಟೇ ಎದ್ದಿದ್ದ ಮದುಮಗಳು ಯೊಸ್ರಾಳ ಮೇಲೆ ಆ ಚಪ್ಪರ ಬಿದ್ದಿತ್ತು. ತಲೆ ಉಳಿದಿತ್ತು. ಪಾದ ಮಾತ್ರ ಊದಿಕೊಂಡು ಕುಂಬಳಕಾಯಿಯಾಗಿತ್ತು.

"ಗಲ್ಲ ಗಿಲ್ಲ ಆಮೇಲೆ," ಎಂದಳು ಹಾಜ್ಜಾ ಮನ್ನೂಬಿಯಾ. ಯೊಸ್ರಾಳ ಅಜ್ಜಿ, ಈ ಮನೆಯ ಹಿರಿಯಳು. ಅವಳು ಕೆಮ್ಮಿದರೆ ಬೀದಿಯ ಬೆಕ್ಕುಗಳೂ ಎದ್ದು ನಿಲ್ಲುತ್ತಿದ್ದವು. "ಕತ್ತರಿಸಿದ ಕೈ ಯಾವುದು? ಅದನ್ನ ಹೇಳು."

"ಹೇಳ್ತೀನಿ ಹಾಜ್ಜಾ. ಸ್ವಲ್ಪ ಹೊತ್ತು ಕೊಡಿ."

"ನನ್ನ ಹತ್ರ ಹೊತ್ತು ಇಲ್ಲ. ಅಲ್ಲಿ ನೋಡು."

ಅಂಗಳದ ಆ ಬದಿಯಲ್ಲಿ ಗಂಡಿನ ಕಡೆಯ ಹೆಂಗಸರು, ಕೆರ್ಕೆನ್ನಾ ದ್ವೀಪದವರು, ಮೂಟೆ ಕಟ್ಟತೊಡಗಿದ್ದರು. ಮದುಮಗನ ತಾಯಿ ಆಗಲೇ ಮೂರು ಸಲ "ಇದು ಒಳ್ಳೇ ಸೂಚನೆ ಅಲ್ಲ" ಎಂದಿದ್ದಳು. ಮೂರನೆಯ ಸಲ ಅಳದೆಯೇ ಹೇಳಿದ್ದಳು. ಹೆಚ್ಚು ಹೆದರಿಸಿದ್ದು ಅದೇ.

"ಯಾರದಾದ್ರೂ ಕೈ ಅಂದ್ರೆ ಆ ಕೈಯನ್ನ ಪೊಲೀಸರಿಗೆ ಕೊಟ್ಟು ಮದುವೆ ಮುಗಿಸ್ತೀನಿ. ನಿನ್ನ ಗಂಟು ಬಿಚ್ಕೊಂಡಿದ್ದು ಅಂದ್ರೆ..." ಹಾಜ್ಜಾ ದುಜಾಳ ಏಪ್ರನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಊರಲ್ಲಿ ಹೆಣದ ಮೇಲೆ ಹಾಕೋಕೂ ನಿನ್ನ ಹತ್ರ ಯಾರೂ ಹೂ ತಗೊಳ್ಳಲ್ಲ. ನಾನು ತಗೊಳ್ಳೋಕೆ ಬಿಡಲ್ಲ. ಆ ದೋಣಿಯವರು ಹೊರಡೋದರೊಳಗೆ ಹೇಳು."

ದುಜಾ ಹಗ್ಗವನ್ನು ಇನ್ನಷ್ಟು ಎತ್ತಿ ಹಿಡಿದಳು.

ಆ ಚಪ್ಪರ ಎಂಥದೆಂದು ಹೇಳದೆ ಮುಂದೆ ಹೋದರೆ ಪಾಪ ತಟ್ಟುತ್ತದೆ. ಆಲಿವ್ ರೆಂಬೆ ಬಾಗಿಸಿ ಮಾಡಿದ ಬಳೆಯಾಕಾರದ ಚೌಕಟ್ಟು. ಅದರ ತುಂಬ ಮಲ್ಲಿಗೆ ಮೊಗ್ಗು. ಆಕಾಶದ ನಕ್ಷತ್ರಗಳನ್ನು ಎಣಿಸಿದವರು ಇದ್ದಾರೆ, ಈ ಮೊಗ್ಗುಗಳನ್ನು ಎಣಿಸಲು ಹೋದವರು ಅರ್ಧಕ್ಕೇ ಮುದುಕರಾಗಿ ಮನೆಗೆ ಹೋದರು. ಬೇರೆಯವರು ಅರಳಿದ ಹೂ ಕಟ್ಟುತ್ತಾರೆ. ದುಜಾ ಕಟ್ಟುತ್ತಿದ್ದುದು ಅರಳುವುದನ್ನೇ. ಮೀನು ಬಂದರಿನಿಂದ ಮಂಜುಗಡ್ಡೆ ತರಿಸಿ, ಮನೆಯ ಎಣ್ಣೆಜಾಡಿಗಳ ಕೋಣೆಯಲ್ಲಿ ತುಂಬಿಸಿ, ಮೊಗ್ಗಿನ ಸರಗಳನ್ನು ಒದ್ದೆ ಗೋಣಿಯಡಿ ಮಲಗಿಸಿದ್ದಳು. ನಡುವಿನ ಸರಗಳನ್ನು ಮಂಜಿನಿಂದ ಮೊದಲು ತೆಗೆದಳು, ಅಂಚಿನವನ್ನು ಕೊನೆಗೆ. ಮದುಮಗಳು ಎದ್ದು ನಿಂತು ನಿಧಾನಕ್ಕೆ ಸುತ್ತು ತಿರುಗುವಾಗ ಅವಳ ನೆತ್ತಿಯ ಮೇಲಿನಿಂದ ಹೂ ಅರಳತೊಡಗಿ, ಕೊಳಕ್ಕೆ ಕಲ್ಲು ಬಿದ್ದಾಗ ಅಲೆ ಹರಡುವಂತೆ ಅಂಚಿನವರೆಗೂ ಅರಳುತ್ತ ಹೋಗಬೇಕು. ಅದು ದುಜಾಳ ಲೆಕ್ಕ.

ನಡುವಿನ ಹೂಗಳು ಅರಳತೊಡಗಿದ್ದವು. ಜನ ಉಸಿರು ಬಿಗಿಹಿಡಿದಿದ್ದರು. ಆಗಲೇ ಬಿದ್ದಿತು.

ಚಪ್ಪರಕ್ಕೆ ಎರಡು ಹಗ್ಗ. ಬಲಗಡೆಯದು ವಾದ್ಯದವರ ಕಟ್ಟೆಯ ಹಿಂದಿನ ಕೊಕ್ಕೆಗೆ, ಎಡಗಡೆಯದು ಮಂಜಿನ ಕೋಣೆಯ ಬಾಗಿಲಿಗೆ ಎದುರಾದ ಕೊಕ್ಕೆಗೆ. ದುಜಾಳ ಕೈಯಲ್ಲಿದ್ದ ತುಂಡು ಎಡಗಡೆಯದು.

"ಬಾಗಿಲಲ್ಲಿ ನೀನು ಯಾರ್ಯಾರಿಗೆ ಕಿವಿಗೆ ಸಿಕ್ಕಿಸೋ ಮಲ್ಲಿಗೆ ಮಶ್ಮೂಮ್ ಕೊಟ್ಟೆ?" ಎಂದು ದುಜಾ ಆರ್ಬಿಯಾಳನ್ನು ಕೇಳಿದಳು. ಆರ್ಬಿಯಾ ಅವಳ ಬಲಗೈ. ಇಬ್ಬರೂ ಮದುವೆಯಾಗುವ ಮುಂಚಿನಿಂದ ಒಟ್ಟಿಗೆ ಹೂ ಕಟ್ಟಿ, ಒಟ್ಟಿಗೆ ವಿಧವೆಯರಾಗಿ, ಈಗ ಒಟ್ಟಿಗೆ ಜಗಳವಾಡುತ್ತಿದ್ದರು.

"ಇದೇನು ಪ್ರಶ್ನೆ? ಮೀಸೆ ಇದ್ದವರಿಗೆಲ್ಲ ಕೊಟ್ಟೆ, ಮೀಸೆ ಬರಬಹುದು ಅನ್ನೋರಿಗೂ ಕೊಟ್ಟೆ. ಮಧ್ಯಾಹ್ನದ ಊಟಕ್ಕೆ ಬಂದಾಗಲೇ. ಎಲ್ಲ ಮೊಗ್ಗು, ಒಂದೂ ಬಾಯಿ ಬಿಟ್ಟಿರಲಿಲ್ಲ."

ದುಜಾಳ ಕಣ್ಣು ಹೊಳೆಯಿತು. ಹಾಗೆ ಹೊಳೆದಾಗ ಎದುರಿಗಿದ್ದವರು ಕೈ ಅಡ್ಡ ಹಿಡಿಯಬೇಕಾಗುತ್ತಿತ್ತು.

ಮೊಗ್ಗಿಗೆ ಸುಳ್ಳು ಹೇಳಲು ಬರುವುದಿಲ್ಲ. ಮಧ್ಯಾಹ್ನ ಕಿವಿಯ ಮೇಲೆ ಸಿಕ್ಕಿಸಿಕೊಂಡ ಮಲ್ಲಿಗೆ ಗೊಂಚಲು, ಆಗಸ್ಟಿನ ಸೆಕೆಯಲ್ಲಿ, ಗಂಡಸಿನ ಬಿಸಿ ತಲೆಯ ಪಕ್ಕದಲ್ಲಿ, ಮುಸ್ಸಂಜೆಗೆ ಅರಳಲೇಬೇಕು. ಅರಳಿಲ್ಲ ಅಂದರೆ ಆ ತಲೆ ತಂಪಿನಲ್ಲಿತ್ತು. ಈ ಮನೆಯಲ್ಲಿ ತಂಪು ಇದ್ದದ್ದು ಒಂದೇ ಕಡೆ, ಎಡಗಡೆಯ ಕೊಕ್ಕೆಯ ಎದುರು.

ಅವಳು ಗಂಡಸರ ಸಾಲಿನ ಮುಂದೆ ನಡೆಯತೊಡಗಿದಳು. ಮುಖ ನೋಡಲಿಲ್ಲ. ಕಿವಿ ನೋಡಿದಳು.

ಅರಳಿದೆ. ಅರಳಿದೆ. ಇದೂ ಅರಳಿದೆ, ಜೊತೆಗೆ ಕಿವಿ ತೊಳೆದು ಒಂದು ವರ್ಷವಾಗಿದೆ.

ವಾದ್ಯದವರ ಕಟ್ಟೆಯ ಪಕ್ಕ ಶುಕ್ರಿ ಕೂತು ಬಾದಾಮಿ ಶರಬತ್ತು ಹೀರುತ್ತಿದ್ದ. ಬಟ್ಟೆ ಹೂವಿನ ವ್ಯಾಪಾರಿ. ಈ ಮದುವೆಯ ಕೆಲಸ ತನಗೇ ಸಿಗುತ್ತದೆಂದು ಊರೆಲ್ಲ ಹೇಳಿಕೊಂಡು ಬಂದು, ಸಿಗದೆ, ಅತಿಥಿಯಾಗಿ ಬಂದಿದ್ದ. ಅವನ ಕಿವಿಯ ಮೇಲಿದ್ದದ್ದು ಬಟ್ಟೆಯ ಮಲ್ಲಿಗೆ.

"ಏನಮ್ಮ ದುಜಾ, ನನ್ನ ಕಿವೀಲಿ ಏನಿದೆ?"

"ಏನೂ ಇಲ್ಲ. ಅದೇ ತೊಂದರೆ."

"ನನ್ನ ಹೂ ಎಂದಾದ್ರೂ ಯಾರ ಕಾಲಾದ್ರೂ ಮುರಿದಿದ್ಯಾ, ಹೇಳು? ಹಗುರ. ಒಗೀಬಹುದು. ಇಸ್ತ್ರಿ ಮಾಡಬಹುದು."

"ನಿನ್ನ ಹೂವನ್ನ ಜೇನುನೊಣ ನೋಡಿದ್ರೆ ಅವಮಾನದಿಂದ ಸಾಯುತ್ತೆ."

"ಸಾಯಲಿ ಬಿಡು, ಮದುಮಗಳು ಬದುಕಿರ್ತಾಳೆ," ಎಂದು ಶುಕ್ರಿ ಬಾದಾಮಿಯ ಸಿಪ್ಪೆ ಉಗುಳಿದ.

ಸುತ್ತಲಿದ್ದವರು ನಕ್ಕರು. ದುಜಾ ಹಲ್ಲು ಕಚ್ಚಿ ಮುಂದೆ ಹೋದಳು. ಬಟ್ಟೆಯ ಹೂ ಅರಳುವ ಗೋಜೂ ಇಲ್ಲ, ಮುಚ್ಚುವ ಗೋಜೂ ಇಲ್ಲ. ಅದರಿಂದ ಯಾವ ಸತ್ಯವೂ ಹೊರಡುವುದಿಲ್ಲ.

ಸಾಲಿನ ತುದಿಗೆ ಬಂದಾಗ ಅವಳ ಕಾಲು ನಿಂತಿತು.

ಅಲ್ಲಿ ಕೂತಿದ್ದವನು ರಾಯಿಸ್ ಅಲ್ಲಾಲ. ಮದುಮಗನ ಸೋದರಮಾವ. ಕೆರ್ಕೆನ್ನಾದಲ್ಲಿ ಅಷ್ಟಪಾದಿ ಹಿಡಿಯುವ ದೋಣಿಯ ಯಜಮಾನ. ಅವನ ಎದೆ ಎಷ್ಟು ಅಗಲವೆಂದರೆ ಅವನು ಬಾಗಿಲಲ್ಲಿ ಬರುವಾಗ ಅರ್ಧ ಈಗ, ಅರ್ಧ ಆಮೇಲೆ ಬರುತ್ತಿದ್ದ. ಕಿವಿಯ ಮೇಲೆ ಮಶ್ಮೂಮ್. ಒಂದೊಂದು ಮೊಗ್ಗೂ ಬಾಣಂತಿಯ ಮಗುವಿನ ಮುಷ್ಟಿಯಂತೆ ಬಿಗಿಯಾಗಿ ಮುಚ್ಚಿಕೊಂಡಿತ್ತು.

"ರಾಯಿಸ್," ಎಂದಳು ದುಜಾ, ಇಡೀ ಅಂಗಳಕ್ಕೆ ಕೇಳುವಂತೆ. "ಊರಿನ ಮಲ್ಲಿಗೆಯೆಲ್ಲ ಎದ್ದು ಕೂತಿದೆ. ನಿಮ್ಮದು ಯಾಕೆ ಇನ್ನೂ ನಿದ್ದೆ ಮಾಡ್ತಿದೆ?"

"ಯಜಮಾನನಂತೆ ಅದೂ. ವಯಸ್ಸಾಯ್ತಲ್ಲ."

"ನಗಬೇಡಿ. ಇದು ಮಂಜು ಕುಡಿದ ಮೊಗ್ಗು. ನೀವು ಮಂಜಿನ ಕೋಣೇಲಿ ಕೂತಿದ್ರಿ. ಒಂದು ಗಳಿಗೆ ಅಲ್ಲ, ತುಂಬಾ ಹೊತ್ತು."

ಹಾಜ್ಜಾ ಕೋಲೂರಿಕೊಂಡು ಹತ್ತಿರ ಬಂದಳು. ಮೂಟೆ ಕಟ್ಟುತ್ತಿದ್ದ ಹೆಂಗಸರ ಕೈ ನಿಂತಿತು.

"ನಿನ್ನ ಮಂಜು, ನಿನ್ನ ಕೋಣೆ. ನಾನ್ಯಾಕೆ ಅಲ್ಲಿ ಹೋಗಲಿ?" ಎಂದ ರಾಯಿಸ್. ಆದರೆ ಅವನ ಕೈ ತಾನಾಗಿ ಕಿವಿಯ ಕಡೆ ಹೋಗಿ ಮಶ್ಮೂಮನ್ನು ಮುಚ್ಚಿತು.

"ಯಾಕೆ ಅಂತ ನಾನು ಹೇಳಲಾ? ಮೊನ್ನೆ ನೀವು ಏನು ಹೊತ್ಕೊಂಡು ಬಂದ್ರಿ? ದೋಣಿಯ ಹಾಯಿ. ನಮ್ಮ ಕಡೆ ಮದುಮಗಳು ಹಾಯಿಯ ಕೆಳಗೇ ಕೂರಬೇಕು ಅಂದ್ರಿ. ನಾನು ಏನಂದೆ?"

"ಅಷ್ಟಪಾದಿ ನಾತ ಹೊಡೀತಿದೆ, ಮಡಚಿ ತಗೊಂಡು ಹೋಗಿ ಅಂದೆ. ಎಲ್ಲರ ಮುಂದೆ."

"ನಾತ ಹೊಡೀತಿತ್ತೋ ಇಲ್ವೋ?"

"ಹೊಡೀತಿತ್ತು. ಅದು ನಮ್ಮಪ್ಪನ ಹಾಯಿ."

ಅವನ ದನಿಯಲ್ಲಿ ಏನೋ ಇತ್ತು. ದುಜಾಗೆ ಅದು ಕೇಳಿಸಿತು, ಕೇಳಿಸದವಳಂತೆ ಮುಂದೆ ನುಗ್ಗಿದಳು.

"ಹಾಗಾದ್ರೆ ಕೇಳಿ ಹಾಜ್ಜಾ. ಹೊಟ್ಟೆಯುರಿ ಇತ್ತು. ಸೊಂಟದಲ್ಲಿ ಚಾಕು ಯಾವಾಗಲೂ ಇರುತ್ತೆ, ಅವರ ಹೆಂಡತಿಯನ್ನೇ ಕೇಳಿ. ಎಡಗಡೆಯ ಕೊಕ್ಕೆಯ ಎದುರಿನ ಕೋಣೇಲಿ ಅಡಗಿಕೊಂಡಿದ್ರು. ಇನ್ನೇನು ಬೇಕು? ಸ್ಫಾಕ್ಸಿನ ಪೊಲೀಸರು ಮೂರು ವರ್ಷ ತಗೊಳ್ಳೋ ಕೆಲಸವನ್ನ ನಾನು ಎರಡು ಕಿವಿ ನೋಡಿ ಮುಗಿಸಿದೀನಿ!"

"ಮಾಮಾ," ಎಂದ ಮದುಮಗ, ಮೊದಲ ಸಲ ಬಾಯಿ ಬಿಟ್ಟು. "ಹೇಳಿ. ಇದ್ರಾ ಅಲ್ಲಿ?"

ರಾಯಿಸ್ ಅಲ್ಲಾಲ ಹೆಂಡತಿಯನ್ನು ನೋಡಿದ. ಸೋದರಳಿಯನನ್ನು ನೋಡಿದ. ಅವನ ಬಿಸಿಲಿಗೆ ಸುಟ್ಟ ಮುಖ ನಾಚಿಕೆಯಿಂದ ಇನ್ನಷ್ಟು ಕಪ್ಪಾಯಿತು.

"ಇದ್ದೆ," ಎಂದ. "ಮೀನು ಕಾಯ್ತಿದ್ದೆ."

"ಏನು ಕಾಯ್ತಿದ್ರಿ?"

"ಮೀನು! ನಾಳೆ ಗಂಡುಹೆಣ್ಣು ಶುಭ ಆಗಲಿ ಅಂತ ಕಾಲೆತ್ತಿ ದಾಟಬೇಕಾದ ಮೀನು. ದೊಡ್ಡದು ಸಿಕ್ಕಿತ್ತು. ಅಂಥದ್ದು ನಾನು ಹುಟ್ಟಿದ ಮೇಲೆ ನೋಡಿಲ್ಲ. ಮೊದಲೇ ತೋರಿಸಿದ್ರೆ ಕಣ್ಣು ಬೀಳುತ್ತೆ. ಹೊರಗಿಟ್ರೆ ಬೆಕ್ಕು. ನನ್ನ ತಂಗಿ ಮದುವೇಲಿ ಬೆಕ್ಕು ಬಾಲ ತಿಂದು, ಬಾಲ ಇಲ್ಲದ ಮೀನನ್ನ ದಾಟಿದ್ದು ಇವತ್ತಿಗೂ ದ್ವೀಪದಲ್ಲಿ ನಗ್ತಾರೆ. ಅದಕ್ಕೇ ಇವಳ ಮಂಜಿನಡಿ ಬಚ್ಚಿಟ್ಟು, ಪಕ್ಕದಲ್ಲಿ ಕೂತಿದ್ದೆ. ಊಟ ಆದಾಗಿನಿಂದ."

"ನನ್ನ ಮಲ್ಲಿಗೆಯ ಕೆಳಗಾ?" ದುಜಾಳ ದನಿ ಕೀರಲಾಯಿತು. "ಮೀನಾ?"

"ನೀನು ಬಂದು ಬಂದು ಗೋಣಿ ಎತ್ತಿ ಮೂಸಿ, ಆಹಾ ಸ್ವರ್ಗ ಅಂತಿದ್ದೆ. ನಾನು ಜಾಡಿ ಹಿಂದೆ ಕೂತು ಬಾಯಿ ಮುಚ್ಕೊಂಡು ನಕ್ಕಿದ್ದೇ ನಕ್ಕಿದ್ದು."

ಅಂಗಳಕ್ಕೆ ಅಂಗಳವೇ ನಕ್ಕಿತು. ಮೂಟೆ ಕಟ್ಟುತ್ತಿದ್ದ ಹೆಂಗಸರೂ ನಕ್ಕರು. ಶುಕ್ರಿ ಎಷ್ಟು ನಕ್ಕನೆಂದರೆ ಶರಬತ್ತು ಮೂಗಿಗೆ ಹತ್ತಿತು. ಮದುಮಗನೇ ಓಡಿಹೋಗಿ ನೋಡಿ ಬಂದು, "ಇದೆ! ತೊಟ್ಟಿಲಷ್ಟು ಉದ್ದ ಇದೆ!" ಎಂದ.

ಹಾಜ್ಜಾ ಮಾತ್ರ ನಗಲಿಲ್ಲ.

"ಊಟ ಆದಾಗಿನಿಂದ ಅಲ್ಲೇ ಇದ್ದೆ ಅಂದ್ಯಲ್ಲ ರಾಯಿಸ್. ಬಾಗಿಲಿಗೆ ಪರದೆ ಬಿಟ್ರೆ ಏನೂ ಇಲ್ಲ. ಎದುರಿಗೇ ಕೊಕ್ಕೆ. ಯಾರನ್ನ ನೋಡಿದೆ?"

ರಾಯಿಸ್ ನೆಲ ನೋಡಿದ.

"ಬಿಡಿ ಹಾಜ್ಜಾ."

"ನನ್ನ ಮೊಮ್ಮಗಳ ಪಾದ ಊದ್ಕೊಂಡಿದೆ. ನಿನ್ನ ತಂಗಿ ಮೂಟೆ ಕಟ್ತಿದಾಳೆ. ಹೇಗೆ ಬಿಡಲಿ?"

"ಸುಮ್ಮನಿರೋಣ ಅಂತಲೇ ಇದ್ದೆ," ಎಂದು ರಾಯಿಸ್ ದುಜಾಳ ಕಡೆ ತಿರುಗಿದ. ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳ ಎದೆಗೆ ನಾಟಿತು. "ಹೂ ಚೆನ್ನಾಗಿತ್ತು, ದುಜಾ. ಬೀಳೋಕೆ ಮುಂಚೆ ಪರದೆ ಸಂದಿಯಿಂದ ನೋಡಿದ್ದೆ. ಅರಳ್ತಾ ಹೋಗ್ತಿತ್ತಲ್ಲ, ನಮ್ಮಪ್ಪನ ಹಾಯಿ ಮರೆತುಬಿಟ್ಟೆ. ಅದಕ್ಕೇ ಸುಮ್ಮನಿದ್ದೆ. ನೀನೇ ಬಿಡಲಿಲ್ಲ."

ದುಜಾ ಒಂದು ಹೆಜ್ಜೆ ಹಿಂದೆ ಸರಿದಳು. "ಏನು... ಏನು ನೋಡಿದ್ರಿ?"

"ಧಡ್ ಅಂತ ಸದ್ದಾಯ್ತು. ಎಡಗಡೆಯ ಹಗ್ಗ ಸರ್ರನೆ ಓಡಿಹೋಗಿ ನೆಲಕ್ಕೆ ಬಿತ್ತು, ಇಡೀ ಹಗ್ಗ, ಗಂಟು ಬಿಚ್ಕೊಂಡು. ಎಲ್ಲರೂ ಹುಡುಗಿ ಕಡೆ ಓಡಿದ್ರು. ಒಬ್ಬಳು ಮಾತ್ರ ಗೋಡೆ ಕಡೆ ಓಡಿ ಬಂದ್ಲು."

"ಹೌದು, ನಾನೇ! ಸಾಕ್ಷಿ ಹಾಳಾಗಬಾರದು ಅಂತ ಕಾಪಾಡೋಕೆ ಬಂದೆ. ಎಂಟು ಜನ ಪತ್ತೇದಾರರ ತಲೆ ಇರೋಳು ನಾನು, ಅಂಥ ಹೊತ್ತಲ್ಲೂ..."

"ಕತ್ತರಿ ಹಿಡ್ಕೊಂಡು?"

ದುಜಾಳ ಕೈ ಏಪ್ರನ್ನಿನ ಜೇಬಿನಲ್ಲಿದ್ದ ಕತ್ತರಿಯನ್ನು ಮುಚ್ಚಿತು.

"ಹಗ್ಗದ ತುದಿ ಕತ್ತರಿಸಿದೆ. ಆ ತುಂಡನ್ನ ಕೊಕ್ಕೆಗೆ ಕಟ್ಟಿದೆ. ಆಮೇಲೆ ನೀನೇ ಬಿಚ್ಚಿ ತಂದು ಎಲ್ಲರಿಗೂ ತೋರಿಸಿದೆ." ರಾಯಿಸ್ ತಲೆಯಾಡಿಸಿದ. "ಆಗ ಕಟ್ಟಿದ ಗಂಟು ಗಟ್ಟಿಯಾಗಿತ್ತು. ಬೆಳಿಗ್ಗೆಯೇ ಅಂಥದ್ದು ಹಾಕಿದ್ರೆ..."

ಆರ್ಬಿಯಾ ಹತ್ತಿರದಲ್ಲಿರಲಿಲ್ಲ. ಚಪ್ಪರದ ಉಳಿದ ಹಗ್ಗ ಸುತ್ತಿಡಲು ವಾದ್ಯದವರ ಕಟ್ಟೆಯ ಹಿಂದೆ ಹೋಗಿದ್ದಳು. ದುಜಾ ಸುತ್ತ ನೋಡಿದಳು. ಪರವಹಿಸಿ ಮಾತಾಡುವ ಒಂದು ಮುಖವೂ ಸಿಗಲಿಲ್ಲ.

"ದುಜಾ," ಎಂದಳು ಹಾಜ್ಜಾ. ಅಷ್ಟೇ.

ಸಿಸಿಲಿಯ ಗಂಡಹೆಂಡಿರ ಕಥೆಯಷ್ಟೇ ಸೊಗಸಾದ ಏಳೆಂಟು ಕಥೆಗಳು ಅವಳ ಗಂಟಲವರೆಗೆ ಬಂದವು. ಒಂದೂ ಹೊರಗೆ ಬರಲಿಲ್ಲ. ಒಳಕೋಣೆಯಿಂದ ಯೊಸ್ರಾ ನರಳುವುದು ಕೇಳಿಸುತ್ತಿತ್ತು.

"ಜಾರುಗಂಟು ಹಾಕಿದ್ದೆ," ಎಂದಳು ದುಜಾ.

"ಏನು?"

"ಎಡಗಡೆಗೆ ಜಾರುಗಂಟು. ಎಳೆದರೆ ಬಿಚ್ಕೊಳ್ಳೋದು. ಕೊನೇ ಸುತ್ತಲ್ಲಿ ಚಪ್ಪರವನ್ನ ಮೆಲ್ಲಗೆ ಅವಳ ಮುಸುಕಿನವರೆಗೂ ಇಳಿಸೋಣ ಅಂತಿದ್ದೆ. ಮೋಡ ಇಳಿದ ಹಾಗೆ ಕಾಣಬೇಕು ಅಂತ. ಯಾರೂ ಮಾಡಿಲ್ಲ ಹಾಜ್ಜಾ, ಯಾರೂ. ಆರ್ಬಿಯಾ ಬೇಡ ಅಂದ್ಲು. ನಾನೇ ಕೇಳಲಿಲ್ಲ." ಅವಳು ಏಪ್ರನ್ನಿನ ಅಂಚನ್ನು ಹಿಂಡಿದಳು. "ಬಿದ್ದ ತಕ್ಷಣ ಗೊತ್ತಾಯ್ತು, ಗಂಟು ಬಿಚ್ಕೊಂಡಿದೆ ಅಂತ. ಕೈ ತಾನಾಗಿ ಕತ್ತರಿಗೆ ಹೋಯ್ತು. ಆಮೇಲೆ ಯಾರೋ ಕತ್ತರಿಸಿದ್ದಾರೆ ಅಂತ ಹೇಳ್ತಾ ಹೇಳ್ತಾ ನಂಗೇ ನಿಜ ಅನ್ನಿಸಿಬಿಡ್ತು. ರಾಯಿಸ್‌ ಕಿವಿ ನೋಡಿದಾಗ ದೇವರಾಣೆಗೂ ಖುಷಿಯಾಯ್ತು, ಕಳ್ಳ ಸಿಕ್ಕ ಅಂತ."

ಯಾರೂ ನಗಲಿಲ್ಲ.

"ಹಾಗಾದ್ರೆ ಯಾವ ಕೈಯೂ ಇಲ್ಲ," ಎಂದಳು ಹಾಜ್ಜಾ ನಿಧಾನವಾಗಿ. "ಸೂಚನೆಯೂ ಇಲ್ಲ, ಹಗೆಯೂ ಇಲ್ಲ. ಒಬ್ಬಳ ಜಂಬ, ಅಷ್ಟೇ." ಮದುಮಗನ ತಾಯಿಯ ಕಡೆ ತಿರುಗಿದಳು. "ಮೂಟೆ ಬಿಚ್ಚಮ್ಮ. ನಾಳೆ ಹುಡುಗೀನ ಎತ್ಕೊಂಡಾದ್ರೂ ಮೀನು ದಾಟಿಸೋಣ."

ಹೆಂಗಸರು ಉಸಿರು ಬಿಟ್ಟರು. ರಾಯಿಸ್ ಕೂಡ. ಒಂದು ಮೂಟೆಯ ಗಂಟು ಬಿಚ್ಚಿತು.

ಆಗ ಆರ್ಬಿಯಾ ವಾದ್ಯದವರ ಕಟ್ಟೆಯ ಹಿಂದಿನಿಂದ ಬಂದಳು. ಇಲ್ಲಿ ನಡೆದದ್ದೊಂದೂ ಅವಳ ಕಿವಿಗೆ ಬಿದ್ದಿರಲಿಲ್ಲ. ಕೈಯಲ್ಲಿ ಇನ್ನೊಂದು ಹಗ್ಗದ ತುದಿ.

"ದುಜಾ, ನೀನು ಬರೀ ಎಡಗಡೆದು ತೋರಿಸ್ತಿದ್ದೀಯ. ಬಲಗಡೆದು ನೋಡಿದ್ಯಾ? ಕೊಕ್ಕೇಲಿ ನಮ್ಮ ಗಂಟು ಹಾಗೇ ಇದೆ, ಕಬ್ಬಿಣದ ಹಾಗೆ. ಗೇಣು ಬಿಟ್ಟು ಮೇಲೆ ಯಾರೋ ಕುಯ್ದಿದ್ದಾರೆ."

ದುಜಾ ಆ ತುದಿಯನ್ನು ನೋಡಿದಳು. ಅವಳು ಬಲಗಡೆಗೆ ಹೋಗಿರಲೇ ಇಲ್ಲ. ಎಡ ಬಿಚ್ಚಿಕೊಂಡ ಮೇಲೆ ಭಾರ ತಾಳದೆ ಬಲ ಹರಿದಿರಬೇಕು ಅಂದುಕೊಂಡಿದ್ದಳು. ಅದನ್ನು ನೋಡಿದರೆ ಇನ್ನೊಂದು ಅವಮಾನ ಎಂದು ಅತ್ತ ಕಣ್ಣೇ ಹಾಯಿಸಿರಲಿಲ್ಲ. ಈಗ ಉಲ್ಟಾ ಕಾಣುತ್ತಿತ್ತು. ಮೊದಲು ಬಲಗಡೆಯದು ಕಡಿದುಹೋಗಿತ್ತು. ಆ ಎಳೆತಕ್ಕೆ ಎಡಗಡೆಯ ಜಾರುಗಂಟು ಬಿಚ್ಚಿಕೊಂಡಿತ್ತು.

ರಾಯಿಸ್ ಆ ತುದಿಯನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದ. ಅವನ ಹುಬ್ಬು ಗಂಟಾಯಿತು.

"ಇದನ್ನೂ ನೀನೇ ತಾನೇ ಕತ್ತರಿಸಿದ್ದು?" ಎಂದಳು ಹಾಜ್ಜಾ.

"ಇಲ್ಲ."

"ಒಂದು ಒಪ್ಕೊಂಡ ಮೇಲೆ ಇನ್ನೊಂದಕ್ಕೆ ಯಾಕೆ ಹೆದರ್ತೀಯ?"

"ಇದು ನಾನಲ್ಲ ಹಾಜ್ಜಾ. ಇದನ್ನ ಯಾರೋ ನಿಜವಾಗಿಯೂ ಕತ್ತರಿಸಿದ್ದಾರೆ. ಬೀಳೋಕೆ ಮುಂಚೆ."

"ಯಾರೋ!" ಎಂದು ಹಿಂದಿನಿಂದ ಯಾರೋ ಅಣಕಿಸಿದರು. ಈ ಸಲದ ನಗುವಿನಲ್ಲಿ ಮೀನಿನ ತಮಾಷೆ ಇರಲಿಲ್ಲ. ಮದುಮಗನ ತಾಯಿ ಬಿಚ್ಚಿದ ಮೂಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು.

"ಬೀದಿ ಬಾಗಿಲು ಹಾಕಿ," ಎಂದಳು ಹಾಜ್ಜಾ. "ಪೊಲೀಸರಿಗೆ ಹೇಳಿ ಕಳಿಸಿ. ಅವರು ಬರೋವರೆಗೂ ಇವಳು ಹೊಸ್ತಿಲು ದಾಟಬಾರದು."

ಅಗುಳಿ ಬಿದ್ದ ಸದ್ದಾಯಿತು. ದುಜಾ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದಳು. ಇವುಗಳಲ್ಲಿ ಒಂದಕ್ಕೆ ಅವಳು ಹೇಳಿದ್ದು ನಿಜವೆಂದು ಗೊತ್ತು.

"ಎಡಗಡೆದು ಕತ್ತರಿಸಿದ್ದು ನಾನು," ಎಂದಳು, ಯಾರೂ ಕೇಳದಿದ್ದರೂ. "ಅದೊಂದೇ."